ಎಡಕ್ಕ ಕುಂತ ಕಸ್ತೂರೆವ್ವ

"ನರ ಹಿಡದೈತಿ" ಅನ್ನೂ ಮಾತು ಕಿವಿಗೆ ಬಿದ್ರ ನನಗ ಇವತ್ತಿಗೂ ಎದಿ ಧಸಕ್ ಅಂತೈತಿ. ರಿಟೈರ್ ಆಗೇನಿ. ಸುಮ್ನ ಮನ್ಯಾಗ ಕುಂತು ಹಿತ್ತಲದಾಗಿನ ಕರಿಬೇವಿಗೆ ನೀರು ಹಾಕ್ಕೋತ ಇರಬೇಕಾದಾಕಿ. ಆದ್ರ ಬೆಟಗೇರಿ ಸಂತ್ಯಾಗ ಬದನಿಕಾಯಿ ಆರಿಸೂ ಮುಂದ ಬಾಜೂಕ ನಿಂತಾಕಿ "ಯಾಕೋ ಮುಂಜಾನಿಂದ ಕೈ ಜೋಮು ಹಿಡದೈತ್ರಿ, ನರ ಹಿಡದಿರಬೇಕು" ಅಂದ್ಳೋ, ಮುಗೀತು. ಬದನಿಕಾಯಿ ಅಲ್ಲೇ ಬಿಟ್ಟು ಆಕಿ ಮಾರಿ ನೋಡಾಕ ನಿಂದರ್ತೀನಿ. "ಸ್ವಲ್ಪ ನಗು ತಂಗಿ. ಎರಡೂ ಕೈ ಮ್ಯಾಲೆತ್ತು. ನಿನ್ನ ಹೆಸರು ಹೇಳು, ಊರು ಹೇಳು." ಈ ಮುದುಕಿಗೆ ತಲಿ ಕೆಟ್ಟೈತಿ ಅಂತ ಆಕಿ ಅನಕೋತಾಳ. ಅನಕೋಲಿ. ಬಾಯಿ ಒಂದು ಕಡೆ ಜೋತು ಬಿದ್ದಿಲ್ಲ, ಎರಡೂ ಕೈ ಸಮ ನಿಂತಾವ, ಮಾತು ತೊದಲಿಲ್ಲ ಅಂತ ಖಾತ್ರಿ ಆಗೂತನಕ ನನ್ನ ಜೀವಕ್ಕ ಸಮಾಧಾನ ಇಲ್ಲ.

ನಮ್ಮ ಮನಿಯವರಿಗಂತೂ ದಿನಾ ಮುಂಜಾನೆ ಚಹಾ ಕೊಡೂಕಿಂತ ಮೊದಲು "ಹಲ್ಲು ಕಿಸೀರಿ ನೋಡೂಣು" ಅಂತೀನಿ. "ಮದುವಿ ಆದಾಗಿಂದ ನಿನ್ನ ನೋಡಿ ನಗೂ ಧೈರ್ಯ ಬಂದಿಲ್ಲ, ಈಗ್ಯಾಕ ಒತ್ತಾಯ ಮಾಡ್ತಿ?" ಅಂತಾರ ಅವರು. ಅಂದ್ರೂ ಕಿಸೀತಾರ, ಪಾಪ. ಇಲ್ಲಂದ್ರ ಚಹಾ ಸಿಗೂದಿಲ್ಲ.

ನಂದು ಫಿಜಿಯೋಥೆರಪಿ ಕೆಲಸ. ಗದಗದಾಗ ಒಂದು ಆಸ್ಪತ್ರಿ, ಸರದಿ ಬಂದಾಗ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬಸ್ಸು ಹತ್ತೂದು. ಲಕ್ವಾ ಹೊಡದು ಬಿದ್ದವರ ಕೈಕಾಲಿಗೆ ಮತ್ತ ಕೆಲಸ ಕಲಸೂದು. ಮಂದಿ ನನಗ "ಮಾಲೀಷ್ ಅಕ್ಕಾರ" ಅಂತಿದ್ರು. ಹೊಸದಾಗಿ ಬಂದಾಗ ಭಾಳ ಸಿಟ್ಟು ಬರ್ತಿತ್ತು. ಇಷ್ಟೆಲ್ಲಾ ಕಲತು ಬಂದು ಎಣ್ಣಿ ತಿಕ್ಕಾಕಿ ಅನಿಸ್ಕೋಬೇಕಾತಲ್ಲ ಅಂತ. ಆಮ್ಯಾಲೆ ರೂಢಿ ಆತು. ಮಂದಿ ಬಾಯಿ ಮುಚ್ಚಸೂದು ನಮ್ಮ ಕೆಲಸ ಅಲ್ಲ, ಅವರ ಬಾಯಿ ಸೊಟ್ಟ ಆದ್ರ ನೆಟ್ಟಗ ಮಾಡೂದಷ್ಟೇ ನಮ್ಮ ಕೆಲಸ.

ಮೊನ್ನೆ ನನ್ನ ಜಾಗಾಕ್ಕ ಬಂದ ಹುಡುಗ್ಯಾರು ಮನಿಗೆ ಬಂದಿದ್ರು. "ಅಕ್ಕಾರ, ಪುಸ್ತಕದಾಗ ಇಲ್ಲದ್ದು ಏನರ ಇದ್ರ ಹೇಳ್ರಿ" ಅಂದ್ರು. ಪುಸ್ತಕದಾಗ ಎಲ್ಲಾ ಐತವ್ವಾ. ಆದ್ರ ಕಸ್ತೂರೆವ್ವನಂಥಾಕಿ ಎದುರಿಗೆ ಬಂದು ಅಳಕೋತ ನಿಂತಾಗ ಅದು ಯಾವ ಪುಟದಾಗ ಐತಿ ಅನ್ನೂದು ನೆನಪಾಗೂದಿಲ್ಲ. ಕಸ್ತೂರೆವ್ವ ಬೆಟಗೇರಿ ನೇಕಾರನ ಹೆಂಡತಿ. ಬಾಜೂಕ ಮೊಳಕೈ ತಾಗೂವಂಗ ಕುಂತ್ರೂ ಗಂಡನ ಕಣ್ಣಿಗೆ ಕಾಣದಂಗ ಆದಾಕಿ. ಆ ಗಂಡನ್ನ ಆಕಿ ಮನಿಯಿಂದ ಕರ್ಕೊಂಡು ಹೋಗಾಕ ಮಂದಿ ತಯಾರಾಗಿ ನಿಂತಿದ್ರು. ಆಕಿ ಕತಿ ಹೇಳಾಕ ಇದನ್ನ ಬರಿಯಾಕ ಕುಂತೇನಿ. ಅದಕ್ಕಿಂತ ಮೊದಲು ಎರಡು ಸಂಗತಿ ತಿಳದಿರಬೇಕು, ಇಲ್ಲಂದ್ರ ಆಕಿಗೆ ಏನಾಗಿತ್ತು ಅನ್ನೂದು ತಿಳಿಯೂದಿಲ್ಲ.

ಮೊದಲನೇದು ಈ ನರ. ನಮ್ಮ ಕಡೆ ಚರ್ಮದ ಕೆಳಗ ಉದ್ದಕ ಇರೂದಕ್ಕೆಲ್ಲಾ ನರ ಅಂತಾರ. ಮುಂಗೈ ಮ್ಯಾಲೆ ಹಸರಾಗಿ ಉಬ್ಬಿದ್ದೂ ನರ. ಅದು ರಕ್ತ ಹರಿಯೂ ನಳಿಗಿ. ಹಿಮ್ಮಡದ ಮ್ಯಾಲೆ ಹಗ್ಗದಂಗ ಬಿರಸಾಗಿರೂದೂ ನರ. ಅದು ಮಾಂಸಖಂಡಾನ ಎಲುಬಿಗೆ ಕಟ್ಟಿಡೂ ಪಟ್ಟಿ. ಖರೆ ನರ ಇವೆರಡೂ ಅಲ್ಲ. ಮೆದುಳಿನ ಬುಡದಿಂದ ಬೆನ್ನುಹುರಿ ಇಳೀತೈತಿ, ಬೆನ್ನಿನ ಎಲುಬಿನ ಸಂದಿ ಸಂದಿಯೊಳಗಿಂದ ಬೆಳ್ಳನ ದಾರದಂಥಾವು ಹೊರಗ ಬಂದು ಬೆರಳ ತುದಿ ತನಕ ಹೋಗ್ತಾವ. ಅವು ನರ. ಮ್ಯಾಲಿಂದ ಹುಕುಂ ಒಯ್ತಾವ, ಕೆಳಗಿಂದ ಖಬರ ತರ್ತಾವ. ಬಿಸಿ ಹಂಚು ಮುಟ್ಟಿದ ಖಬರ ಮ್ಯಾಲೆ, ಕೈ ತಗಿ ಅನ್ನೂ ಹುಕುಂ ಕೆಳಗ. ತೀರಾ ಅವಸರದಾಗ ಬೆನ್ನುಹುರಿನೇ ಮೆದುಳಿನ ದಾರಿ ಕಾಯದ ಹುಕುಂ ಕೊಟ್ಟುಬಿಡ್ತೈತಿ. ಆಯಾ! ಅಂತ ನಾವು ಚೀರೂದು ಕೈ ತಗದ ಮ್ಯಾಲೆ.

ಈ ಒಂದು ಶಬ್ದದಿಂದ ಎಷ್ಟು ಮಂದಿ ಹಾಳಾದ್ರೋ ಲೆಕ್ಕ ಇಲ್ಲ. ಒಮ್ಮೆ ಮುಂಡರಗಿ ಸರದಿ ಇದ್ದಾಗ ಹಿರೇವಡ್ಡಟ್ಟಿಯಿಂದ ಒಬ್ಬ ಯಜಮಾನರನ್ನ ಮಗ ಕರ್ಕೊಂಡು ಬಂದ. ಯಜಮಾನ್ರು ತಮ್ಮ ಎಡಗೈಯಿಂದ ಬಲಗೈ ಎತ್ತಿ ನನ್ನ ಟೇಬಲ್ ಮ್ಯಾಲೆ ಇಟ್ರು, ಅಂಗಡ್ಯಾಗ ಕೆಟ್ಟ ಸಾಮಾನು ವಾಪಸ್ ಕೊಟ್ಟಂಗ. ಬಾಯಿಂದ ಮಾತಿಲ್ಲ.

"ಯಾವಾಗ ಆತಪಾ ಇದು?"

"ಹೋದ ವಾರ್ರಿ. ಹೊಲದಾಗ ಕುಂತಲ್ಲೇ ನರ ಹಿಡೀತ್ರಿ. ಎಳಸೀವ್ರಿ, ಬಿಟ್ಟಿಲ್ಲ."

"ಮತ್ತ ಮಾತು?"

"ಅದೂ ನರಾನ್ರಿ ಅಕ್ಕಾರ. ಗಂಟಲದ್ದು."

ಹಿಡದದ್ದು ಕೈಯಾಗಿನ ನರ ಆಗಿರಲಿಲ್ಲ. ತಲಿಯೊಳಗಿನ ಒಂದು ರಕ್ತದ ನಳಿಗಿ ಕಟ್ಟಿ, ಎಡಗಡೆ ಮೆದುಳಿನ ಒಂದು ತುಂಡು ಒಣಗಿಹೋಗಿತ್ತು. ಆ ತುಂಡಿನೊಳಗ ಬಲಗೈಯೂ ಇತ್ತು, ಮಾತೂ ಇತ್ತು. ಇವರು ಒಂದು ವಾರ ಕೈ ಎಳಸ್ಯಾರ, ಉಪ್ಪಿನ ಕಾವು ಕೊಟ್ಟಾರ, ಗಂಟಲಕ್ಕ ಎಣ್ಣಿ ಹಚ್ಯಾರ. ಆಕಡೆ ಮೆದುಳು ಉಪಾಸ. ಈಗ ಹೆಪ್ಪುಗಟ್ಟಿದ ರಕ್ತ ಕರಗಸೂ ಇಂಜೆಕ್ಷನ್ ಬಂದೈತಿ, ಆದ್ರ ಅದನ್ನ ಮೊದಲನೇ ಕೆಲವು ತಾಸಿನೊಳಗ ಕೊಡಬೇಕು. ಆಮ್ಯಾಲೆ ತಂದ್ರ ಡಾಕ್ಟ್ರು ಏನು ಮಾಡ್ಯಾರು, ನಾ ಏನು ಮಾಡೇನು? ಯಜಮಾನ್ರು ಕೋಲು ಹಿಡದು ನಡದ್ರು, ಖರೆ. ಕೈ ಬರಲಿಲ್ಲ. ಮಾತು ಅಂದ್ರ "ಹೌದು" ಒಂದೇ ಬಂತು, ಬ್ಯಾಡಾದಾಗೂ ಹೌದು ಅಂತಿದ್ರು. ಅವತ್ತಿನಿಂದ ನಾ ಯಾರ ಬಾಯಾಗ ನರ ಕೇಳಿದ್ರೂ "ಯಾವ ನರ? ಬೆರಳಿಟ್ಟು ತೋರಸು" ಅಂತ ಜಗಳಕ್ಕ ನಿಂತವರಂಗ ಕೇಳ್ತೀನಿ.

ಎರಡನೇ ಸಂಗತಿ ಎಡಬಲದ್ದು. ಇದನ್ನ ತಿಳಿಸಿ ಹೇಳಾಕ ನಾ ಒಂದು ಪ್ಲಾಸ್ಟಿಕ್ ಮೆದುಳು ಇಟಗೊಂಡಿದ್ನಿ. ಬಿಚ್ಚಿ ಕೂಡಿಸಾಕ ಬರೂವಂಥಾದ್ದು. ಕೈಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಒಯ್ಯೂದು. ಒಂದು ಸಲ ಮುಂಡರಗಿ ದಾರ್ಯಾಗ ಎಮ್ಮಿ ಅಡ್ಡ ಬಂತು ಅಂತ ಡ್ರೈವರ್ ಬ್ರೇಕ್ ಹಾಕಿದ, ಚೀಲ ಬಿತ್ತು, ಮೆದುಳು ಬಿಚ್ಚಿ ಸೀಟಿನ ಕೆಳಗ ಉಳ್ಳಾಡ್ತು. ಕಂಡಕ್ಟರ್ ಒಂದು ತುಂಡು ಎತ್ತಿ ಹಿಡದು "ಇದು ಯಾರದ್ರೀ?" ಅಂತ ಕೂಗಿದ. "ನಂದು" ಅಂದ್ನಿ. ಇಡೀ ಬಸ್ಸು ನನ್ನ ತಲಿ ನೋಡ್ತು.

ಎಲ್ಲಾ ಕೂಡಿಸಿದ್ನಿ, ಹಿಂದಿನ ಕೆಳಗಿನ ಸಣ್ಣ ತುಂಡು ಸಿಗವಲ್ದು. ಇಳಿಯೂ ಮುಂದ ಹಿಂದಿನ ಸೀಟಿನ ಮುದುಕಿ ಉಡ್ಯಾಗಿಂದ ತಗದು ಕೊಟ್ಳು. "ತಗೋರೆವ್ವಾ, ನಿಮ್ಮದು ಕಾಲಾಗ ಬಂದಿತ್ತು. ಭಾಳ ಸಣ್ಣದೈತಿ. ಇದು ಇಲ್ಲಂದ್ರ ನಡೀತೈತೇನು?"

"ನಡಿಯಾಕೇ ಬೇಕಬೇ ಅದು" ಅಂದ್ನಿ. ಮುದುಕಿ ನಕ್ಕಳು, ಆದ್ರ ನಾ ಹೇಳಿದ್ದು ಖರೇನೇ ಇತ್ತು. ಆ ಹಿಂದಿನ ತುಂಡು ಸಣ್ಣ ಮೆದುಳು. ತೋಲ ಹಿಡಿಯೂದು ಅದರ ಕೆಲಸ. ಅದು ಕೆಟ್ರ ಕೈಕಾಲಾಗ ಶಕ್ತಿ ಇದ್ರೂ ಮನುಷ್ಯಾ ಕುಡದವರಂಗ ತೂರಾಡ್ತಾನ. ಅದರ ಮುಂದ, ಹೂಕೋಸಿನ ದಂಟಿನಂಗ ಕೆಳಗ ಇಳಿಯೂದು ಮೆದುಳಿನ ಕಾಂಡ. ಉಸರಾಟ, ಎದಿಬಡಿತ, ನುಂಗೂದು ಅದರ ಕಡೆ. ಅಲ್ಲಿ ಪೆಟ್ಟು ಬಿತ್ತಂದ್ರ ನನ್ನ ತನಕ ಬರೂದೇ ಕಡಿಮಿ. ಮ್ಯಾಲಿನ ದೊಡ್ಡ ಮೆದುಳು ಅಕ್ರೋಡದ ತಿರುಳಿನಂಗ ಸುಕ್ಕು ಸುಕ್ಕು, ಎರಡು ಹೋಳು. ಇಲ್ಲಿ ಐತಿ ನೋಡ್ರಿ ಗಮ್ಮತ್ತು. ಬಲಹೋಳು ಎಡಮೈ ಆಳ್ತೈತಿ, ಎಡಹೋಳು ಬಲಮೈ. ಹುಕುಂ ಒಯ್ಯೂ ದಾರ ಕತ್ತಿನ ಮ್ಯಾಲೆ, ಬುರುಡಿ ಕುಂಡ್ರೂ ಜಾಗಾದ ಹತ್ತರ, ಆಕಡೆಯಿಂದ ಈಕಡೆ ದಾಟಿಬಿಡ್ತಾವ. ಲಕ್ಷ್ಮೇಶ್ವರದಾಗ ಒಬ್ಬಾಕಿ ಗಂಡನ ಎಡಗೈ ಬಿದ್ದೈತಿ ಅಂತ ಎಡಗಡೆ ತಲಿಗೆ ಎಣ್ಣಿ ತಿಕ್ಕಿ ತಿಕ್ಕಿ ಅಲ್ಲಿ ಕೂದಲಾನೇ ಉದರಿಸಿದ್ಳು. "ಬಲಕ್ಕ ತಿಕ್ಕಬೇಕಿತ್ತೇನ್ರಿ ಹಂಗಾರ?" ಅಂದ್ಳು. ಎಲ್ಲೂ ತಿಕ್ಕಬ್ಯಾಡ ಅಂತ ಹೇಳೂದ್ರಾಗ ನನಗ ಸಾಕಾಗಿ ಹೋತು.

ನಾ ಹಿಂಗ ಮಂದಿ ಕೂಡಿಸ್ಕೊಂಡು ಹೇಳೂದು ನಮ್ಮ ದೊಡ್ಡ ಡಾಕ್ಟ್ರಿಗೆ ಆಗಿಬರ್ತಿರಲಿಲ್ಲ. "ಮಂದಿ ಅಕ್ಕಾರ ಅಂದ್ರು ಅಂತ ಖರೇನ ಸಾಲಿ ತಗದ್ರೇನು? ಹೊರಗ ಪಾಳಿ ಹಚ್ಚ್ಯಾರ, ಕೈಕಾಲು ನೋಡ್ರಿ" ಅಂತ ಒದರ್ತಿದ್ರು. ನಮ್ಮ ಕಡೆ ಸಾಲಿ ಟೀಚರಿಗೂ ಅಕ್ಕಾರ ಅಂತಾರಲ್ಲ, ಅದಕ್ಕ. ಶಾಣ್ಯಾ ಮನುಷ್ಯಾ, ಆದ್ರ ಮೂಗಿನ ತುದ್ಯಾಗ ಸಿಟ್ಟು. ಆವಾಗಿನ ಪದ್ಧತಿನೇ ಹಂಗಿತ್ತು. ನನ್ನ ಎರಡು ಬೆರಳು ಮುಂದ ಹಿಡದು "ಒತ್ರಿ" ಅನ್ನೂದು. ಗಟ್ಟಿ ಒತ್ತಿದ್ರ ಹಿಡಿತ ಬಂತು. "ನಡೀರಿ" ಅನ್ನೂದು. ಗ್ವಾಡಿ ತನಕ ಹೋಗಿ ಬಂದ್ರ ನಡಿಗಿ ಬಂತು. ಎರಡೂ ಬಂದ್ರ ಮನಿಗೆ. ಈಗಿನ ಹುಡುಗ್ಯಾರು ಬಟನ್ ಹಾಕಸ್ತಾರ, ಚೊಂಬಿನಿಂದ ನೀರು ಬಗ್ಗಿಸಸ್ತಾರ, ಗಡಿಯಾರದ ಚಿತ್ರಾ ಬರಸ್ತಾರ. ಮೊದಮೊದಲು ಇದೇನು ಆಟ ಹಚ್ಯಾರ ಅಂತಿದ್ನಿ. ಈಗ ಅನ್ನೂದಿಲ್ಲ. ಯಾಕ ಅಂದ್ರ ಕಸ್ತೂರೆವ್ವನ ಗಂಡ ಶಂಕ್ರಪ್ಪ.

ಶಂಕ್ರಪ್ಪ ಬೆಟಗೇರಿಯಾಗ ಕುಣಿ ಮಗ್ಗದ ಮ್ಯಾಲೆ ಸೀರಿ ನೇಯಾಂವ. ಕುಣಿಯೊಳಗ ಕಾಲು ಇಳಿಬಿಟ್ಟು ಕುಂತಾನಂದ್ರ ಇಡೀ ಓಣಿಗೆ ಗಡಿಯಾರ ಇದ್ದಂಗ, ಖಟ್ ಖಟಾ, ಖಟ್ ಖಟಾ. ಒಂದು ದಿನ ಒಲಿ ಮುಂದ ಇದ್ದ ಕಸ್ತೂರೆವ್ವಗ ಆ ಸಪ್ಪಳ ಎಡವಿದಂಗ ಕೇಳಸ್ತು. ಓಡಿ ಬಂದು ನೋಡಿದ್ರ ಗಂಡನ ಎಡಗೈ ಸೋತು ಜಾರೈತಿ, ಬಾಯಿ ಸೊಟ್ಟ ಆಗೈತಿ. ನರ ಹಿಡದೈತಿ ಅಂತ ಆಕಿ ಕುಂಡ್ರಲಿಲ್ಲ. ಸೀದಾ ಆಟೋದಾಗ ಹಾಕ್ಕೊಂಡು ಆಸ್ಪತ್ರಿಗೆ ಬಂದ್ಳು. ಹೊತ್ತಿಗೆ ಸರಿಯಾಗಿ ಔಷಧ ಆತು, ಕೈ ಹೊಳ್ಳಿ ಬಂತು. ನನ್ನ ಬೆರಳು ಹಿಂಗ ಒತ್ತಿದ ಅಂದ್ರ ನಾನೇ "ಸಾಕು ಮಾರಾಯಾ" ಅಂದ್ನಿ. ಡಾಕ್ಟ್ರು ನಕ್ಕೋತ "ಹಿಡಿತ ಛಲೋ ಐತಿ, ಮಗ್ಗಕ್ಕ ಹೋಗ್ಲಿ" ಅಂದ್ರು. ನನಗ ಮಾತ್ರ ಏನೋ ಕಸಿವಿಸಿ. ಹೋಗೂ ಮುಂದ ಆತ ಬಾಗಲದ ಎಡಗಡೆ ಕಟ್ಟಿಗಿಗೆ ಭುಜ ಬಡಕೊಂಡ. ಬಡಕೊಂಡದ್ದೂ ಅವನ ಲಕ್ಷ್ಯಕ್ಕ ಬರಲಿಲ್ಲ.

ಕೆಲವು ದಿನ ಆದ ಮ್ಯಾಲೆ ಕಸ್ತೂರೆವ್ವ ಒಬ್ಬಾಕಿನೇ ಬಂದ್ಳು. ಬಗಲಾಗ ಒಂದು ಸೀರಿ. ನನ್ನ ಮುಂದ ಹಾಸಿ ತೋರಿಸಿದ್ಳು. ಬಲದಡಿ, ಅಂದ್ರ ಬಲಗಡೆ ಅಂಚು, ನೋಡಿದ್ರ ಕಣ್ಣಿಗೆ ಒತ್ತಿಕೊಳ್ಳೂವಂಗ ನೇಯ್ದಾನ. ಎಡದಡ್ಯಾಗ ಮಗ್ಗಕ್ಕ ಉದ್ದಕ ಬಿಗದ ಹಾಸಿನ ಎಳಿ ಹರದು ಹರದು ಕಿಂಡಿ ಬಿದ್ದಾವ, ಒಂದನ್ನೂ ಗಂಟು ಹಾಕಿಲ್ಲ.

"ಎಡಗೈಗೆ ಇನ್ನೂ ಶಕ್ತಿ ಬಂದಿಲ್ಲೇನ್ರಿ ಅಕ್ಕಾರ?"

ಶಕ್ತಿ ಬಂದಿಲ್ಲ ಅಂದ್ರ ಇಡೀ ಸೀರಿ ಕೆಡಬೇಕಿತ್ತು. ಒಂದೇ ಕಡೆ ಯಾಕ ಕೆಟ್ಟೈತಿ? ಕಣ್ಣು ತೋರಿಸೀರೇನು ಅಂದ್ನಿ. ತೋರಿಸ್ಯಾರ, ಕಣ್ಣು ಛಲೋ ಅದಾವ ಅಂದಾರಂತ.

"ಸೀರಿ ಹಾಳಾಗಿ ಹೋಗ್ಲಿ ಬಿಡ್ರಿ" ಅಂತ ಆಕಿ ಸೆರಗು ಬಾಯಿಗೆ ಇಟಗೊಂಡ್ಳು. "ಅವರು ನನ್ನ ಕಡೆ ನೋಡೂದೇ ಇಲ್ರಿ. ಮಾರಿ ಹೊಳ್ಳಿಸ್ಯಾರ. ನೀಡಿದ ಪಲ್ಯ ನೀಡಿಲ್ಲ ಅಂತಾರ. ಶಿರಹಟ್ಟಿಯಿಂದ ನಮ್ಮ ಅತ್ತಿಗಿ, ಇವರ ಅಕ್ಕ, ಬಂದು ಕುಂತಾರ. ತಮ್ಮ ಹೆಂಡತಿ ಮಾರಿ ನೋಡವಲ್ಲ ಅಂದ್ರ ಈಕಿ ಏನೋ ಮಾಡಿರಬೇಕು ಅಂತ ಓಣಿ ತುಂಬ ಹೇಳ್ತಾರ. ಅಮಾಸಿ ಆದ ಮ್ಯಾಲೆ ತಮ್ಮನ್ನ ಶಿರಹಟ್ಟಿಗೆ ಕರ್ಕೊಂಡು ಹೋಗ್ತಾರಂತ. ಇವರೂ ಹೂಂ ಅಂದಾರ. ನಾ ಏನು ತಪ್ಪು ಮಾಡೇನ್ರಿ?"

ಅವತ್ತೇ ಆಕಿ ಮನಿಗೆ ಹೋದ್ನಿ. ಮಧ್ಯಾಹ್ನದ ಊಟದ ಹೊತ್ತು. ಶಂಕ್ರಪ್ಪ ಗ್ವಾಡಿಗೆ ಬೆನ್ನು ಕೊಟ್ಟು ಕುಂತಿದ್ದ, ಬಲಕ್ಕ ಅಕ್ಕ ಗಂಗವ್ವ, ಎಡಕ್ಕ ಕಸ್ತೂರೆವ್ವ. ಗಂಡನ ಎಡಕ್ಕ ಕುಂಡ್ರೂದು ನಮ್ಮ ಪದ್ಧತಿ, ಮದುವಿ ದಿನ ಹಿರ್ಯಾರು ಕುಂಡ್ರಿಸಿದ ಜಾಗಾ. ಪೂಜಿಗೂ ಅಲ್ಲೇ, ಮಗ್ಗದ ಮನ್ಯಾಗ ನೂಲು ಸುತ್ತಾಕೂ ಅಲ್ಲೇ, ಊಟ ನೀಡಾಕೂ ಅಲ್ಲೇ.

"ಬರ್ರಿ ಅಕ್ಕಾರ, ಕುಂಡ್ರಿ" ಅಂದ ಶಂಕ್ರಪ್ಪ. ನಾ ಬಲಕ್ಕ ನಿಂತಿದ್ನಿ.

"ಕಸ್ತೂರೆವ್ವ ಎಲ್ಲಿ ಅಣ್ಣಾ?"

"ಯಾರಿಗೆ ಗೊತ್ರಿ. ತವರಮನಿಗೆ ಮುಳಗುಂದಕ್ಕ ಹೋಗಿರಬೇಕು. ಹೇಳಿ ಹೋಗೂ ಪದ್ಧತಿನೇ ಬಿಟ್ಟುಬಿಟ್ಟಾಳ."

ಆಕಿ ಮೊಳಕೈ ಅವನ ಮೊಳಕೈಗೆ ತಾಗಿತ್ತು. ನಾ ಆಕಿ ಮಾರಿ ನೋಡಾಕ ಆಗದ ತಾಟು ನೋಡಿದ್ನಿ. ತಾಟಿನ ಬಲಭಾಗದಾಗಿನ ರೊಟ್ಟಿ, ಚಟ್ನಿ ಖಾಲಿ. ಎಡಭಾಗದಾಗಿನ ಬದನಿಕಾಯಿ ಪಲ್ಯ ಹಂಗೇ ಕುಂತೈತಿ, ಚಾಕು ಹಾಕಿ ನಡುವ ಗೆರಿ ಹೊಡದಂಗ. "ಪಲ್ಯ ಇಲ್ಲದ ರೊಟ್ಟಿ ತಿನಬೇಕಾಗೈತ್ರಿ ನನ್ನ ಮನ್ಯಾಗ" ಅಂದ ಶಂಕ್ರಪ್ಪ.

ನಾ ಬಗ್ಗಿ ತಾಟು ಅರ್ಧಾ ತಿರುವಿದ್ನಿ. ಎಡಕಿದ್ದ ಪಲ್ಯ ಬಲಕ್ಕ ಬಂತು.

"ಹಾಂ, ಈಗ ನೀಡಿದ್ರಿ ನೋಡ್ರಿ" ಅಂದು ತಿನ್ನಾಕ ಹತ್ತಿದ.

ಗಂಗವ್ವ ಎದ್ದು ನಿಂತ್ಳು. "ಯವ್ವಾ, ಇದು ಭಾನಾಮತಿ!"

"ಭಾನಾಮತಿ ಅಲ್ರಿ ಗಂಗವ್ವಾರ, ಮೆದುಳು" ಅಂದ್ನಿ. ಎಷ್ಟು ವರ್ಷ ಎಷ್ಟು ಮಂದಿ ಕೈ ಒತ್ತಿ ನೋಡಿದ್ದು ನಾವು! ಹಿಂಗ ಅರ್ಧಾ ಜಗತ್ತು ಕಳಕೊಂಡವರು ಎಷ್ಟು ಮಂದಿ ಗಟ್ಟಿ ಹಿಡಿತ ತೋರಿಸಿ ಮನಿಗೆ ಹೋದ್ರೋ, ಎಷ್ಟು ಮನ್ಯಾಗ ಜಗಳ ಆದುವೋ.

ಆಸ್ಪತ್ರಿಗೆ ಹೊಳ್ಳಿ ಬಂದು ಹೇಳಿದಾಗ ಡಾಕ್ಟ್ರು ಶಂಕ್ರಪ್ಪನ ಸ್ಕ್ಯಾನಿನ ಫಿಲ್ಮ್ ಕಿಟಕಿ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ್ರು. ಒದರಲಿಲ್ಲ. ಬಲಹೋಳಿನ ಮ್ಯಾಲೆ, ಹಿಂದಿನ ಬಾಜೂ ಬೆರಳಿಟ್ರು. "ಪೆರೈಟಲ್ ಅಂತಾರಲ್ರಿ, ಇದೇ ಜಾಗಾ. ಎಡಗಡೆ ಅನ್ನೂದೊಂದು ಐತಿ ಅಂತ ಲಕ್ಷ್ಯ ಇಡೂದು ಇದರ ಕೆಲಸ. ಇಲ್ಲಿ ಪೆಟ್ಟಾದ್ರ ಕಣ್ಣು ನೋಡ್ತಾವ, ತಲಿಗೆ ಲಕ್ಷ್ಯ ಇರೂದಿಲ್ಲ. ಎಡ ಹೋಗೈತಿ ಅನ್ನೂದೂ ಅವಗ ಗೊತ್ತಾಗೂದಿಲ್ಲ. ಅದಕ್ಕೇ ತನ್ನದೇನೂ ಕೆಟ್ಟಿಲ್ಲ, ಹೆಂಡತಿದೇ ತಪ್ಪು ಅಂತಾನ."

"ಹೊಳ್ಳಿ ಬರ್ತೈತೇನ್ರಿ ಸರ್?"

"ಕೆಲವರಿಗೆ ಬರ್ತೈತಿ. ಕೆಲವರಿಗೆ ಅರ್ಧಾ. ಎಡಕ್ಕ ಎದ್ದು ಕಾಣೂವಂಥಾ ಗುರುತು ಇಡ್ರಿ. ಅದು ಸಿಗೂತನಕ ಕತ್ತು ಹೊಳ್ಳಸಾಕ ರೂಢಿ ಮಾಡಸ್ರಿ. ಬ್ಯಾರೆ ದಾರಿ ನನಗೂ ಗೊತ್ತಿಲ್ಲ." ಆಮ್ಯಾಲೆ ಫಿಲ್ಮ್ ಕೆಳಗಿಟ್ಟು "ಇದನ್ನ ಮಾತ್ರ ನಿಮ್ಮ ಸಾಲ್ಯಾಗ ಎಲ್ಲಾರಿಗೂ ಹೇಳ್ರಿ ಅಕ್ಕಾರ" ಅಂದ್ರು.

ಮಗ್ಗದ ಎಡದಡ್ಯಾಗ ಒಂದು ಕೆಂಪು ಎಳಿ ಕೂಡಿಸಿದ್ವಿ. ಹಸರ ಸೀರಿಗೆ ಆ ಕೆಂಪು ಎಳಿ ಒಪ್ಪತಿರಲಿಲ್ಲ, ಆದ್ರ ನಮಗ ಬೇಕಾದದ್ದು ಅದೇ. "ಕೆಂಪು ಕಾಣೂತನಕ ಹೊಳ್ಳು ಅಣ್ಣಾ" ಅಂತ ನಾ ಅನ್ನೂದು, "ನೋಡೀನ್ರಿ, ನೋಡೀನಿ" ಅಂತ ಆತ ಬಲದಡಿ ನೋಡಿ ರೇಗೂದು. ತಾಟಿನ ಎಡತುದಿಗೂ ಕೆಂಪು ದಾರ ಕಟ್ಟಿದ್ವಿ. ಕಸ್ತೂರೆವ್ವಗ ನಾ "ನೀ ಸದ್ಯಕ್ಕ ಬಲಕ್ಕ ಕುಂಡ್ರವಾ, ಕಾಣ್ತಿ" ಅಂದ್ನಿ. ಕುಂತ್ಳು. ಶಂಕ್ರಪ್ಪನ ಮಾರಿ ಅರಳ್ತು. "ಬಂದ್ಯಾ? ಯಾವಾಗ ಬಂದಿ ಮುಳಗುಂದದಿಂದ?" ಅಂದ. ಆಕಿ ಅವತ್ತು ನಕ್ಕೋತ ಅತ್ಳು.

ಆದ್ರ ಮರುದಿನ ಹೋದ್ರ ಮತ್ತ ಎಡಕ್ಕ ಕುಂತಾಳ! ನನಗ ಸಿಟ್ಟು ತಡೀಲಿಲ್ಲ. "ನಿನಗ ಹೇಳಿದ್ದು ತಿಳಿಯೂದಿಲ್ಲೇನ? ಪದ್ಧತಿ ಪದ್ಧತಿ ಅಂತ ಗಂಡನ್ನ ಕಳಕೋತಿ ನೋಡು."

"ಪದ್ಧತಿ ಅಲ್ರಿ ಅಕ್ಕಾರ" ಅಂದ್ಳು ಆಕಿ, ಸಾವಕಾಶ. "ಬಲಕ್ಕ ಎಲ್ಲಾರೂ ಅದಾರ. ನಾನೂ ಅಲ್ಲೇ ಹೋದ್ರ ಎಡಕ್ಕ ಯಾರು ಇರೂದು? ಅವರಿಗೆ ಆ ಕಡೆ ಹೊಳ್ಳಾಕ ಏನು ಉಳೀತು?"

ಆಕಿ ಕೈ ಅಲುಗಾಡಿಸಿದ್ಳು. ಮುಂಗೈ ತುಂಬ ಹಸರ ಗಾಜಿನ ಬಳಿ. ಘಲ್ ಅಂದೂ. ಶಂಕ್ರಪ್ಪನ ಕತ್ತು ಬಲಕ್ಕ ಇದ್ದದ್ದು ಒಂದೀಟು ನಡುವ ಬಂತು. ಮತ್ತ ಘಲ್. ಇನ್ನೊಂದೀಟು.

ಅಲ್ಲಿಂದ ಅಮಾಸಿ ತನಕ ನನ್ನ ಜೀವ ನನ್ನ ಕೈಯಾಗ ಇರಲಿಲ್ಲ. ಗಂಗವ್ವ ಕೆಟ್ಟಾಕಿ ಅಲ್ಲ. ರೋಗ ಅಂತ ತಿಳದ ಮ್ಯಾಲೆ ಓಣ್ಯಾಗ ಆಡಿದ ಮಾತು ತಾನೇ ನುಂಗಿದ್ಳು. ಆದ್ರ ತಮ್ಮನ್ನ ಒಯ್ಯೂ ಮಾತು ಬಿಡಲಿಲ್ಲ. "ನಮ್ಮ ಮನ್ಯಾಗ ಸೊಸ್ತ್ಯಾರ ಅದಾರ, ಮಂದಿ ಅದಾರ, ನೋಡ್ಕೋತೀವಿ. ಇಲ್ಲಿ ಈಕಿ ಒಬ್ಬಾಕಿ, ಈಕಿನೇ ಅವನ ಲಕ್ಷ್ಯಕ್ಕ ಬರೂದಿಲ್ಲ ಅಂದ್ರ ಯಾರ ಜೋಡಿ ಸಂಸಾರ ಮಾಡ್ತಾನ ಹೇಳ್ರಿ?" ಅಂತಿದ್ಳು. ನಾ ಏನು ಹೇಳಲಿ? ಶಂಕ್ರಪ್ಪ ಬಳಿ ಸಪ್ಪಳ ಆದ್ರ ಹೊಳ್ಳತಿದ್ದ, ಎಡಕ್ಕ ಅಂತ ಹೇಳಿದ್ರ ಹೊಳ್ಳತಿದ್ದ. ತಾನಾಗಿ ಒಮ್ಮೆನೂ ಇಲ್ಲ. ಸಪ್ಪಳ ನಿಂತ್ರ ಹೆಂಡತಿನೂ ಹೋದ್ಳು, ದಡಿನೂ ಹೋತು. ಆತನ್ನ ಶಿರಹಟ್ಟಿಗೆ ಒಯ್ದ್ರಂದ್ರ ಅಲ್ಲಿ ಎಲ್ಲಾರೂ ಅವಗ ಕಾಣೂ ಕಡೇನೇ ನಿಂತು ಮಾತಾಡ್ತಾರ, ಕಾಣೂ ಕಡೇನೇ ನೀಡ್ತಾರ. ಪ್ರೀತಿಯಿಂದಾನೇ ಮಾಡ್ತಾರ. ಎಡ ಅನ್ನೂದು ಕಾಯಂ ಮುಚ್ಚಿ ಹೋಕ್ಕೈತಿ, ಅದರ ಜೋಡಿ ಕಸ್ತೂರೆವ್ವನೂ.

ಅಮಾಸಿ ಮರುದಿನ ಹೋದಾಗ ಗಂಗವ್ವನ ಚೀಲ ಬಾಗಲದಾಗಿತ್ತು. ಬಾಡಿಗಿ ಟಂಟಂ ಗಾಡಿ ಬಂದು ನಿಂತಿತ್ತು. ಊಟ ಮಾಡಿ ಹೊರಡೂದು ಅಂತ. ಶಂಕ್ರಪ್ಪ ಹೊಸ ಅಂಗಿ ಹಾಕ್ಕೊಂಡು ಕುಂತಿದ್ದ, ಎಡ ತೋಳಿನ ಗುಂಡಿ ಬಿಚ್ಚಿತ್ತು. ಬಲಕ್ಕ ಗಂಗವ್ವ. ಕಸ್ತೂರೆವ್ವ ಬಾಯಿ ಬಿಚ್ಚದ ಎಲ್ಲಾ ನೀಡಿ ತನ್ನ ಜಾಗಾದಾಗ ಬಂದು ಕುಂತ್ಳು. ಆಮ್ಯಾಲೆ ಏನು ಮಾಡಿದ್ಳು ಗೊತ್ತೈತೇನು? ಎರಡೂ ಕೈ ಸೆರಗಿನೊಳಗ ತಗೊಂಡು ಉಡ್ಯಾಗ ಇಟಗೊಂಡು ಗಟ್ಟಿ ಒತ್ತಿ ಹಿಡದ್ಳು. ಒಂದು ಬಳಿನೂ ಮಿಸುಕಲಿಲ್ಲ.

ಇದೇನು ಮಾಡ್ತಿ ತಂಗೀ, ಇವತ್ತೊಂದು ದಿನ ಅಲುಗಾಡಿಸು ಅಂತ ಕಣ್ಣಾಗೇ ಹೇಳಿದ್ನಿ. ಆಕಿ ನನ್ನ ಕಡೆ ನೋಡಲಿಲ್ಲ. ಸೋತು ಕೈ ಬಿಟ್ಟಾಳೋ, ಇಲ್ಲಾ ಅವನ್ನ ಕಡೀ ಸಲ ಪರೀಕ್ಷಾ ಮಾಡ್ತಾಳೋ, ನನಗ ತಿಳೀಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಶಂಕ್ರಪ್ಪ ರೊಟ್ಟಿ ಮುರದ. ಬಲಗಡೆಯ ಕಾಳುಪಲ್ಯ ತಿಂದ, ಚಟ್ನಿ ತಿಂದ. ಮತ್ತ ರೊಟ್ಟಿ ಮುರದ. ಬಲಭಾಗ ಖಾಲಿ ಆತು. ಮುಗೀತು ಅಂತ ಕೈ ತೊಳಕೋತಾನ ಅನಕೊಂಡ್ನಿ. ಕೈಯಾಗ ತುತ್ತು ಹಿಡದು ಹಂಗೇ ಕುಂತ. ಏನೋ ಕಳಕೊಂಡವರಂಗ ಕಿವಿಗೊಟ್ಟ. ಗಂಗವ್ವ "ಯಾಕೋ ತಮ್ಮಾ, ನೀರು ಬೇಕೇನು?" ಅಂದ್ಳು. ಆತ ಅಲ್ಲ ಅಂತ ಕೈ ಮಾಡಿದ. ಕತ್ತು ಮೆಲ್ಲಕ ನಡುವ ಬಂತು. ನಿಂತಿತು. ಆಮ್ಯಾಲೆ ತಾಟಿನ ನಡುಗೆರಿ ದಾಟಿ, ಕೆಂಪು ದಾರ ದಾಟಿ, ಸೆರಗು ದಾಟಿ ಆಕಿ ಮಾರಿ ತನಕ ಹೋತು. ಮಾರಿ ನೋಡಿದ, ಆಮ್ಯಾಲೆ ಕೈ ಇರಬೇಕಾದ ಜಾಗಾ ನೋಡಿದ. ಹುಬ್ಬು ಗಂಟು ಹಾಕಿದ.

"ಯಾಕ? ಬಳಿ ಎಲ್ಲಿ ಹೋದೂ?" ಅಂತ ಗದರಿಸಿದ. "ನಾ ಏನು ಸತ್ತೇನೇನು?"

ಕಸ್ತೂರೆವ್ವ ಸೆರಗಿನಿಂದ ಎರಡೂ ಕೈ ಹೊರಗ ತಗದ್ಳು, ಬಳಿ ಎಲ್ಲಾ ಒಮ್ಮೆ ಘಲ್ಲಂದೂ. "ಅದಾವ್ರಿ, ಇಲ್ಲೇ ಅದಾವು" ಅಂದ್ಳು. ಅಂದು ಅಲ್ಲೇ ಅಳಾಕ ಹತ್ತಿದ್ಳು. "ಅದಾವಂದ ಮ್ಯಾಲೆ ಅಳೂದ್ಯಾಕ? ಪಲ್ಯ ನೀಡು" ಅಂದ ಶಂಕ್ರಪ್ಪ. ಪಲ್ಯ ಅವನ ತಾಟಿನ ಎಡಕ್ಕ ಇತ್ತು. "ಇಲ್ಲೇ ಐತಲ್ಲ" ಅಂತ ತಾನೇ ಅಂದ.

ಗಂಗವ್ವ ಎದ್ದು ಬಾಗಲಕ್ಕ ಹೋಗಿ ಟಂಟಂದವಗ ಹೋಗು ಅಂದ್ಳು. ಹೊಳ್ಳಿ ಬಂದು ತಮ್ಮನ ಬಲಕ್ಕ ಕುಂಡ್ರಲಿಲ್ಲ, ಕಸ್ತೂರೆವ್ವನ ಆಚೆ, ಎಡಕ್ಕ ಹೋಗಿ ಕುಂತ್ಳು.

ಶಂಕ್ರಪ್ಪ ಪೂರಾ ಆರಾಮ ಆದ ಅಂತ ಬರದ್ರ ಸುಳ್ಳು ಆಕೈತಿ. ಎಡದಡ್ಯಾಗ ಇವತ್ತೂ ಒಂದೊಂದು ಎಳಿ ತಪ್ಪತೈತಿ, ಕೆಂಪು ದಾರ ತಗದಿಲ್ಲ. ಹುಡುಗ್ಯಾರಾ, ನೀವು ಹಿಡಿತ ನೋಡ್ರಿ, ನಡಿಗಿ ನೋಡ್ರಿ, ಗಡಿಯಾರ ಬರಸ್ರಿ. ಅದೆಲ್ಲಾ ಮುಗದ ಮ್ಯಾಲೆ ಒಂದು ಸಲ ಅವರ ಎಡಕ್ಕ ಹೋಗಿ ಸಪ್ಪಳ ಮಾಡದ ಸುಮ್ನ ನಿಂದರ್ರಿ. ಅವರು ಹೊಳ್ಳಿ ನೋಡೂತನಕ ಮನಿಗೆ ಕಳಸಬ್ಯಾಡ್ರಿ.